ಅವಳಿ ನಗರದ ಮಾಳಿಗೆಗಳ ಮೇಲೆ

ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಒಂದುಗೂಡಿಸಿ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯನ್ನು ರಚಿಸಲಾಯಿತಾದರೂ ಎರಡೂ ಊರುಗಳ ಮನೋಧರ್ಮ ಎಂದೂ ಒಂದಾಗಲಿಲ್ಲ. ಹುಬ್ಬಳ್ಳಿಯದು ವ್ಯಾಪಾರದ ಜೀವ. ಹತ್ತಿ, ಮೆಣಸಿನಕಾಯಿ, ರೇಲ್ವೆ ಕಾರಖಾನೆ, ದುರ್ಗದ ಬೈಲಿನ ಗದ್ದಲ. ಧಾರವಾಡದ್ದು ವಿದ್ಯೆಯ ಜೀವ. ಜಿಟಿಜಿಟಿ ಮಳೆ, ಕೆಂಪು ಮಣ್ಣು, ಸಂಗೀತ, ಫೇಡೆ, ಸಂಜೆಯ ವಾದವಿವಾದ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಯನ್ನು ಕೊಡಲು ರಾಜ್ಯದ ಮಂತ್ರಿಮಂಡಲವು 2025ರ ಜನೆವರಿಯಲ್ಲಿ ಒಪ್ಪಿಗೆ ನೀಡಿದಾಗ ಅಚ್ಚರಿಪಟ್ಟವರು ಕಡಿಮೆ. ಆದರೆ ನೃಪತುಂಗ ಬೆಟ್ಟದ ಮೇಲೆ ನಿಂತು ನೋಡುವವರಿಗೆ ಈ ಭೇದವೊಂದೂ ತೋರದು. ಉಣಕಲ್ಲಿನ ಕೆರೆಯ ನೀರು, ಅದರಾಚೆ ಹಬ್ಬಿದ ಮನೆಗಳು, ಗುಡಿಯ ಕಳಸಗಳು, ದರ್ಗಾದ ಗುಮ್ಮಟಗಳು, ಇವುಗಳ ನಡುನಡುವೆ ಕೆಂಪು-ಬಿಳಿ ಬಣ್ಣ ಬಳಿದುಕೊಂಡು ನಿಂತ ಕಬ್ಬಿಣದ ಟವರುಗಳು. ಮೂವತ್ತು ವರ್ಷಗಳ ಹಿಂದೆ ಇದೇ ಬೆಟ್ಟದಿಂದ ನೋಡಿದಾಗ ಮಾಳಿಗೆಗಳ ಮೇಲೆ ಟೀವಿಯ ಅಂಟೆನಾಗಳು ಮೀನಿನ ಎಲುಬಿನಂತೆ ಕಾಣುತ್ತಿದ್ದವು. ಅವು ಹೋದವು, ಇವು ಬಂದವು.

ಈ ಟವರುಗಳ ದೆಸೆಯಿಂದಲೇ ನಾವು ಈ ಸಲ ಅವಳಿ ನಗರಕ್ಕೆ ಹೋಗಬೇಕಾಯಿತು. ಹಳೆ ಹುಬ್ಬಳ್ಳಿಯ ಒಂದು ಓಣಿಯಲ್ಲಿ ಚಿಕ್ಕದೊಂದು ಮಠವಿದೆ. ಅದರ ಹೆಸರು ಇಲ್ಲಿ ಅನಾವಶ್ಯಕ. ಹಳ್ಳಿಗಳಿಂದ ಕಲಿಯಲು ಬಂದ ಮಕ್ಕಳಿಗೆ ಅಲ್ಲಿ ಉಚಿತ ಪ್ರಸಾದ ನಿಲಯ ನಡೆಯುತ್ತದೆ. ಮಠದ ಮಾಳಿಗೆಯ ಮೇಲೆ ಮೊಬೈಲ್ ಟವರು ನಿಲ್ಲಿಸಲು ಒಂದು ಕಂಪನಿಯವರು ಕೇಳಿದ್ದಾರೆ, ತಿಂಗಳು ತಿಂಗಳು ಬಾಡಿಗೆ ಬರುತ್ತದೆ, ಅದರಿಂದ ಮಕ್ಕಳ ಜೋಳ-ಬೇಳೆಯ ಖರ್ಚಿನ ದೊಡ್ಡ ಪಾಲು ನೀಗುತ್ತದೆ ಎಂದು ಸಮಿತಿಯವರು ಬರೆದಿದ್ದರು. ಅದೇ ಪತ್ರದ ಕೆಳಗೆ ಬೇರೆ ಕೈಯಲ್ಲಿ ಇನ್ನೆರಡು ಸಾಲುಗಳಿದ್ದವು: ಓಣಿಯ ತಾಯಂದಿರು ವಿರೋಧಿಸುತ್ತಿದ್ದಾರೆ, ಟವರಿನ ತರಂಗಗಳಿಂದ ತಲೆಶೂಲೆ, ನಿದ್ರಾಹೀನತೆ, ಎದೆ ಹಾರುವಿಕೆ ಉಂಟಾಗುತ್ತದೆಂದು ಅವರ ಹೇಳಿಕೆ, ಒಂದು ಮನೆಯಲ್ಲಂತೂ ಇದೇ ಕಾರಣಕ್ಕೆ ಮನೆ ಮಾರುವ ಮಾತು ನಡೆದಿದೆ. ಪೂಜ್ಯರು ಎರಡೂ ಕಡೆಯವರ ಮಾತು ಕೇಳಿ, ತಿಳಿದವರನ್ನು ವಿಚಾರಿಸಿ, ತಮ್ಮ ಅಭಿಪ್ರಾಯ ತಿಳಿಸಿರೆಂದು ನಮಗೆ ಅಪ್ಪಣೆ ಮಾಡಿದ್ದರು. ಶಾಸ್ತ್ರ ಓದಿದವರಿಗೆ ತರಂಗದ ವಿಷಯವೇನು ತಿಳಿದೀತೆಂದು ವಾಚಕರು ಕೇಳಬಹುದು. ತಿಳಿಯದ್ದನ್ನು ತಿಳಿದವರಲ್ಲಿ ಕೇಳುವುದನ್ನೇ ಮಠದಲ್ಲಿ ನಮಗೆ ಮೊದಲು ಕಲಿಸಿದ್ದರು.

ಹುಬ್ಬಳ್ಳಿಯ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮಿಗಳ ಹೆಸರಿಟ್ಟಿರುವುದು ಎಲ್ಲರಿಗೂ ಗೊತ್ತು. ಅಲ್ಲಿಯ ಫಲಾಟು 1507 ಮೀಟರ ಉದ್ದವಾಗಿದ್ದು, 2023ರ ಮಾರ್ಚದಲ್ಲಿ ಅದರ ಉದ್ಘಾಟನೆಯಾದಾಗ ಜಗತ್ತಿನಲ್ಲಿಯೇ ಉದ್ದವಾದುದೆಂದು ಸಾರಲಾಯಿತು. ಗಂಟು ಹಿಡಿದು ಅದರ ಮೇಲೆ ನಡೆಯುವ ವಯಸ್ಸಾದವರಿಗೆ ಆ ಕೀರ್ತಿಯ ಭಾರ ಮೊಣಕಾಲಿನಲ್ಲಿ ತಿಳಿಯುತ್ತದೆ. ಅಲ್ಲಿಂದ ಆಟೋರಿಕ್ಷಾ ಹಿಡಿದು ಹಳೆ ಹುಬ್ಬಳ್ಳಿಗೆ ಹೋದೆವು. ಓಣಿಗಳು ಇಕ್ಕಟ್ಟಾದವು; ಎದುರುಬದುರಿನ ಮನೆಗಳ ಕಟ್ಟೆಗಳ ಮೇಲೆ ಕುಳಿತವರು ಧ್ವನಿ ಏರಿಸದೆಯೇ ಮಾತನಾಡಿಕೊಳ್ಳಬಹುದು. ಅಂಥ ಓಣಿಯಲ್ಲಿ ಒಬ್ಬರ ಮನೆಯ ತಲೆಶೂಲೆ ಇನ್ನೊಬ್ಬರ ಮನೆಗೆ ತಿಳಿಯದೆ ಉಳಿಯುವುದಿಲ್ಲ.

ಮನೆ ಮಾರುವ ಮಾತು ನಡೆದ ಮನೆಗೆ ಮೊದಲು ಹೋದೆವು. ಆ ತಾಯಿಗೆ ಐವತ್ತೈದರ ಆಸುಪಾಸು. ನಿತ್ಯವೂ ಲಿಂಗಪೂಜೆ ತಪ್ಪಿಸಿದವರಲ್ಲ. ಹಿತ್ತಲ ಕಡೆಗಿನ ಕಿಟಕಿಗಳಿಗೆಲ್ಲ ದಪ್ಪನೆಯ ಪರದೆ ಹಾಕಿದ್ದರು. ಒಂದು ಕಿಟಕಿಗೆ ಅಡುಗೆ ಮನೆಯ ಬೆಳ್ಳಿಬಣ್ಣದ ಹಾಳೆಯನ್ನು ಅಂಟಿಸಿದ್ದರು. ಹಿಂದಿನ ಓಣಿಯಲ್ಲಿ ಒಂದು ಟವರು ಆಗಲೇ ಇದೆ. ಅದು ನಿಂತ ವರ್ಷದಿಂದ ತಮಗೆ ಸುಖವಿಲ್ಲವೆಂದು ಅವರು ಹೇಳಿದರು. “ತಲಿ ಸಿಡೀತೈತ್ರಿ ಶಾಸ್ತ್ರಿಗಳ, ಕಿವ್ಯಾಗ ಗುಂಯ್ ಅಂತೈತಿ, ರಾತ್ರಿ ನಿದ್ದಿ ಹತ್ತೂದಿಲ್ಲ. ಮೊಬೈಲ್ ಹಿಡದರ ಕೈಯಾಗ ಇರುವಿ ಹರದಾಡಿದಂಗ ಆಕ್ಕೈತಿ. ಡಾಕ್ಟರು ಏನೂ ಇಲ್ಲ ಅಂತಾರು. ಮನ್ಯಾಗಿನವ್ರೂ ಏನೂ ಇಲ್ಲ ಅಂತಾರು. ನನಗ ಸುಳ್ಳು ಹೇಳಿ ಏನ್ ಆಗಬೇಕಾಗೈತ್ರಿ?”

ಮಗನು ಶಾಲಾ ಮಾಸ್ತರ, ಮೃದು ಸ್ವಭಾವದವನು. ಕೈ ಸೋತಂತೆ ಕುಳಿತಿದ್ದನು. ಮನೆ ಮಾರಿ ಊರ ಹೊರಗೆ ಹೋಗೋಣವೆಂದು ತಾಯಿ ಹಟ ಹಿಡಿದಿದ್ದಾರೆ. ಮೂರು ತಲೆಮಾರಿನ ಮನೆ. ಮಾರಿ ಹೋದ ಕಡೆಯಲ್ಲಿ ಟವರು ಇರುವುದಿಲ್ಲವೆಂದು ಹೇಳುವವರು ಯಾರು? ಸೊಸೆ ಒಂದು ದಿನ ಬೇಸರದ ಭರದಲ್ಲಿ, “ಅತ್ತಿಯವ್ರನ್ನ ಧಾರವಾಡಕ್ಕ ಕರಕೊಂಡು ಹೋಗ್ರಿ” ಎಂದುಬಿಟ್ಟಿದ್ದಳು. ಆ ಒಂದು ಮಾತಿನಿಂದ ಎರಡು ತಿಂಗಳು ಅತ್ತೆ-ಸೊಸೆಯರ ನಡುವೆ ಮಾತು ನಿಂತಿತ್ತು.

ಉತ್ತರ ಕರ್ನಾಟಕದ ಹೊರಗಿನ ವಾಚಕರಿಗಾಗಿ ಇಲ್ಲೊಂದು ಮಾತು ಹೇಳಬೇಕು. ಧಾರವಾಡದಲ್ಲಿ 1845ರಿಂದ ಮನೋರೋಗಿಗಳ ಆಸ್ಪತ್ರೆಯಿದೆ. 2009ರಲ್ಲಿ ಅದು ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ, ಡಿಮ್ಹಾನ್ಸ್ ಎಂಬ ಹೆಸರಿನಿಂದ ಬೆಳೆಯಿತು. ಆದರೆ ನಮ್ಮ ಕಡೆಯ ಜನರ ಬಾಯಲ್ಲಿ “ಧಾರವಾಡಕ್ಕೆ ಕಳಿಸು” ಎಂಬ ಮಾತಿಗೆ ಇಂದಿಗೂ ಒಂದೇ ಅರ್ಥ. ಕವಿಗಳ, ಗಾಯಕರ, ವಿದ್ವಾಂಸರ ಊರಿನ ಹೆಸರು ಬೈಗುಳವಾಗಿ ಬಳಕೆಯಾಗುವುದು ಆ ಊರಿಗೂ ಅನ್ಯಾಯ, ರೋಗಿಗಳಿಗೂ ಅನ್ಯಾಯ.

ಮರುದಿನ ಧಾರವಾಡಕ್ಕೆ ಹೋಗುವಾಗ ನಿವೃತ್ತ ಭೌತಶಾಸ್ತ್ರ ಪ್ರಾಧ್ಯಾಪಕರೊಬ್ಬರನ್ನು ಜೊತೆಗೆ ಕರೆದುಕೊಂಡೆವು. ಅವರು ಮಠದ ಭಕ್ತರೇ. ಚಿಗರಿ ಬಸ್ಸು ಹತ್ತಿದೆವು. ಎರಡೂ ಊರುಗಳ ನಡುವೆ ಬಸ್ಸಿಗಾಗಿಯೇ ಕಾದಿರಿಸಿದ ಸುಮಾರು 22 ಕಿಲೋಮೀಟರ ದಾರಿಯಿದು. 2018ರಲ್ಲಿ ಬಸ್ಸುಗಳು ಓಡಲಾರಂಭಿಸಿದವು, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಉಣಕಲ್ಲು, ನವನಗರ, ರಾಯಾಪುರ, ಸತ್ತೂರು ಹೀಗೆ ಒಂದೊಂದೇ ನಿಲ್ದಾಣ ಹಿಂದೆ ಸರಿಯುತ್ತಿತ್ತು. ಕಲ್ಯಾಣದಿಂದ ಹೊರಟ ಶರಣರು ಉಳವಿಯತ್ತ ಸಾಗಿದ್ದು ಈ ಸೀಮೆಯನ್ನು ಹಾದೇ ಎಂಬ ನಂಬಿಕೆ ಈ ಭಾಗದಲ್ಲಿ ಬಲವಾಗಿದೆ. ಬಸ್ಸಿನೊಳಗೆ ನಮ್ಮ ಸುತ್ತ ನಲವತ್ತು ಜನರಿದ್ದರೆ ನಲವತ್ತು ಮೊಬೈಲುಗಳು. ಪ್ರಾಧ್ಯಾಪಕರು ಅದನ್ನೇ ಪಾಠದ ಹಲಗೆಯಾಗಿ ಮಾಡಿಕೊಂಡರು.

ಅವರು ಹೇಳಿದ್ದರ ಸಾರವಿದು. ಮೊಬೈಲಿನ ಅಲೆ, ಆಕಾಶವಾಣಿಯ ಅಲೆ, ಸೂರ್ಯನ ಬೆಳಕು, ಎಕ್ಸ್-ರೇ ಇವೆಲ್ಲ ಒಂದೇ ಕುಲದವು. ಅಲೆಯ ಉದ್ದದಲ್ಲಿ ಭೇದ. 900 ಮೆಗಾಹರ್ಟ್ಸಿನ ಮೊಬೈಲು ಅಲೆ ಒಂದು ಅಡಿಗಿಂತ ತುಸು ಉದ್ದ. 1800ರದು ಅದರ ಅರ್ಧ. ಎಕ್ಸ್-ರೇ ಅಣುಗಳನ್ನು ಒಡೆಯಬಲ್ಲದು, ಮೊಬೈಲು ಅಲೆಗೆ ಆ ಶಕ್ತಿಯಿಲ್ಲ. ಅದು ಹೆಚ್ಚಾದರೆ ಬಿಸಿ ಮಾಡಬಲ್ಲದು, ಅಷ್ಟೇ. ಎಷ್ಟು ಹೆಚ್ಚಾದರೆ ಎಂಬುದಕ್ಕೆ ಅಂತರರಾಷ್ಟ್ರೀಯ ಮಿತಿಯಿದೆ. ನಮ್ಮ ದೇಶವು 2012ರ ಸಪ್ಟೆಂಬರ 1ರಿಂದ ಟವರುಗಳಿಗೆ ಆ ಮಿತಿಯ ಹತ್ತನೆಯ ಒಂದು ಪಾಲನ್ನಷ್ಟೇ ಗೊತ್ತುಪಡಿಸಿತು. 900 ಮೆಗಾಹರ್ಟ್ಸಿಗೆ ಅದು ಚದರ ಮೀಟರಿಗೆ 0.45 ವ್ಯಾಟ್. ನಡುಹಗಲಿನಲ್ಲಿ ನೆತ್ತಿಯ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಹತ್ತಿರ ಹತ್ತಿರ 1000 ವ್ಯಾಟ್.

“ಹಾಗಾದರೆ ಟವರಿನ ಕೆಳಗೇ ಮನೆಯಿದ್ದವರ ಗತಿ?” ಎಂದು ಕೇಳಿದೆವು.

“ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ ಶಾಸ್ತ್ರಿಗಳೇ, ಇದೂ ಹಾಗೇ” ಎಂದರು. ಟವರಿನ ಅಂಟೆನಾ ಅಲೆಯನ್ನು ಮುಂದಕ್ಕೆ, ದಿಗಂತದ ಕಡೆಗೆ ಎಸೆಯುತ್ತದೆ, ನೇರ ಕೆಳಕ್ಕಲ್ಲ. ದೂರ ಎರಡು ಪಟ್ಟಾದರೆ ಬಲ ನಾಲ್ಕನೆಯ ಒಂದು ಪಾಲಾಗುತ್ತದೆ. ಅಂಟೆನಾದ ಎದುರಿಗೇ, ಅದರದೇ ಎತ್ತರದಲ್ಲಿ, ಹತ್ತಿರದಲ್ಲಿ ಇನ್ನೊಂದು ಮಾಳಿಗೆ ಬಂದರೆ ಮಾತ್ರ ಅಳತೆ ಮಾಡಿ ನೋಡಬೇಕಾಗುತ್ತದೆ. ಇನ್ನೊಂದು ಸಂಗತಿಯನ್ನು ಅವರು ಹೇಳಿದಾಗ ಪಕ್ಕದಲ್ಲಿ ಕುಳಿತ ಹುಡುಗನೊಬ್ಬ ಕಿವಿಯಿಂದ ಮೊಬೈಲು ತೆಗೆದು ನಮ್ಮತ್ತ ನೋಡಿದನು. ಟವರು ದೂರವಾದಷ್ಟೂ ಕೈಯೊಳಗಿನ ಮೊಬೈಲು ಜೋರಾಗಿ ಕೂಗಬೇಕಾಗುತ್ತದೆ. ಕಿವಿಗೆ ಅಂಟಿದ ಆ ಪುಟ್ಟ ಯಂತ್ರದಿಂದ ತಲೆಗೆ ತಗಲುವ ಅಲೆಯ ಪ್ರಮಾಣ ಬೀದಿಯಾಚೆಯ ಟವರಿನದಕ್ಕಿಂತ ಸಾಮಾನ್ಯವಾಗಿ ಬಹಳ ಹೆಚ್ಚು. ಟವರನ್ನು ಊರಾಚೆ ಓಡಿಸಿ ಮೊಬೈಲನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳುವವರು ಈ ಲೆಕ್ಕವನ್ನು ಗಮನಿಸಬೇಕು.

ಧಾರವಾಡ ಹತ್ತಿರವಾದಾಗ ಅವರು ಆಕಾಶವಾಣಿಯನ್ನು ನೆನೆಸಿದರು. 1950ರ ಜನೆವರಿ 8ರಂದು ಧಾರವಾಡ ಕೇಂದ್ರ ಆರಂಭವಾಯಿತು. ಅದರ ಮಧ್ಯಮ ತರಂಗದ ಪ್ರಸಾರಕ ಯಂತ್ರದ ಬಲ ಮುಂದೆ ಎರಡು ಲಕ್ಷ ವ್ಯಾಟ್‌ಗಳಿಗೆ ಏರಿತು. ಮನ್ಸೂರರ ವಚನಗಾಯನವನ್ನು ನಾವೆಲ್ಲ ಕೇಳಿದ್ದು ಆ ಅಲೆಗಳ ಮೇಲೆಯೇ. ಆ ಅಲೆಯ ಉದ್ದ ಬೇರೆ, ಆದ್ದರಿಂದ ಮೊಬೈಲಿನೊಡನೆ ನೇರ ಹೋಲಿಕೆ ಸಲ್ಲದೆಂದು ಪ್ರಾಧ್ಯಾಪಕರೇ ಎಚ್ಚರಿಸಿದರು. ಆದರೂ ಅವಳಿ ನಗರವು ಅಲೆಗಳ ನಡುವೆ ಬದುಕುತ್ತಿರುವುದು ನಿನ್ನೆ ಮೊನ್ನೆಯಿಂದ ಅಲ್ಲವೆಂಬುದು ದಿಟ.

ಧಾರವಾಡದಲ್ಲಿ ನಮ್ಮ ಬಿಡಾರ ಮುರುಘಾಮಠಕ್ಕೆ ಸಮೀಪದಲ್ಲಿತ್ತು. ಮೃತ್ಯುಂಜಯ ಅಪ್ಪಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದ ಹಳ್ಳಿಯ ಮಕ್ಕಳು ಎಷ್ಟು ಮನೆತನಗಳನ್ನು ಎತ್ತಿ ನಿಲ್ಲಿಸಿದರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಸ್ವಂತ ಮನೆಯ ಕಥೆ. ಮಲ್ಲಿಕಾರ್ಜುನ ಮನ್ಸೂರರು ತಮ್ಮ ಮನೆಗೆ ‘ಮೃತ್ಯುಂಜಯ’ ಎಂದೇ ಹೆಸರಿಟ್ಟರು. ಹುಬ್ಬಳ್ಳಿಯ ಆ ಚಿಕ್ಕ ಮಠದ ಮಕ್ಕಳ ಅನ್ನದ ಪ್ರಶ್ನೆ ನಮ್ಮ ಮನಸ್ಸನ್ನು ಅಲ್ಲಿ ಇನ್ನಷ್ಟು ಕಾಡಿತು. ಒಂದು ಕಡೆ ಐವತ್ತು ಮಕ್ಕಳ ಊಟ, ಇನ್ನೊಂದು ಕಡೆ ಓಣಿಯ ತಾಯಂದಿರ ನಿದ್ದೆ.

ಸಂಜೆ ವೈದ್ಯರೊಬ್ಬರು ಬಂದರು. ನರರೋಗ, ಮನೋರೋಗ ಎರಡನ್ನೂ ಬಲ್ಲವರು. ಈ ತೊಂದರೆಯ ಬಗ್ಗೆ ಜಗತ್ತಿನಲ್ಲಿ ಏನೇನು ಪರೀಕ್ಷೆಗಳಾಗಿವೆಯೆಂದು ಅವರು ಸಾವಧಾನವಾಗಿ ವಿವರಿಸಿದರು. ವಿದ್ಯುತ್ಕಾಂತೀಯ ಅತಿಸಂವೇದನೆ ಎಂದು ಇದಕ್ಕೆ ಹೆಸರು ರೂಢಿಯಾಗಿದೆ. ಹಳ್ಳಿಯ ಹೆಣ್ಣುಮಕ್ಕಳ ಭ್ರಮೆಯೆಂದು ಇದನ್ನು ತಳ್ಳಿಹಾಕುವವರು ನಾರ್ವೆ ದೇಶದ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರನ್ನು ನೆನೆಯಬೇಕು. ಆಕೆ ಸ್ವತಃ ವೈದ್ಯೆ, ಹಿಂದೆ ಆ ದೇಶದ ಪ್ರಧಾನಿ. ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥೆಯಾಗಿದ್ದಾಗಲೇ, 2002ರಲ್ಲಿ, ಮೊಬೈಲಿನಿಂದ ತಮಗೆ ತಲೆನೋವು ಬರುತ್ತದೆಂದು ಬಹಿರಂಗವಾಗಿ ಹೇಳಿದರು. ಅಮೆರಿಕೆಯ ಪಶ್ಚಿಮ ವರ್ಜೀನಿಯಾದಲ್ಲಿ ಗ್ರೀನ್ ಬ್ಯಾಂಕ್ ಎಂಬ ಹಳ್ಳಿಯಿದೆ. ರೇಡಿಯೋ ದೂರದರ್ಶಕಗಳಿಗಾಗಿ 1958ರಿಂದ ಆ ಸೀಮೆಯಲ್ಲಿ ಪ್ರಸಾರಕ ಯಂತ್ರಗಳಿಗೆ ಕಟ್ಟುಪಾಡು ವಿಧಿಸಲಾಗಿದೆ. ಅಲೆಗಳಿಗೆ ಅಂಜಿ ಮನೆಮಾರು ಬಿಟ್ಟವರು ದೂರದೂರದಿಂದ ಬಂದು ಅಲ್ಲಿ ನೆಲೆಸಿದ್ದಾರೆ.

ಪರೀಕ್ಷೆಯ ಕ್ರಮ ಹೀಗೆ. ಅಲೆ ತಮಗೆ ತಗಲುತ್ತದೆಂದು ಹೇಳುವವರನ್ನು ಕೂಡಿಸಿ, ಕೆಲವು ಸಲ ಯಂತ್ರವನ್ನು ನಿಜವಾಗಿ ಚಾಲೂ ಮಾಡುತ್ತಾರೆ, ಕೆಲವು ಸಲ ಮಾಡಿದಂತೆ ತೋರಿಸುತ್ತಾರಷ್ಟೇ. ಯಾವಾಗ ಯಾವುದೆಂದು ಕುಳಿತವರಿಗೂ ತಿಳಿಯದು, ಕೇಳಿ ಬರೆದುಕೊಳ್ಳುವವರಿಗೂ ತಿಳಿಯದು. 2006ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇಂಥ ತೊಂದರೆಯುಳ್ಳ 60 ಜನರನ್ನೂ ಇಲ್ಲದ 60 ಜನರನ್ನೂ ಹೀಗೆ ಪರೀಕ್ಷಿಸಿದರು. ತೊಂದರೆಯುಳ್ಳವರಿಗೆ ತಲೆನೋವು ಬಂದದ್ದು ನಿಜ. ಆದರೆ ಯಂತ್ರ ಬಂದಿದ್ದಾಗಲೂ ಅಷ್ಟೇ ಬಂದಿತು. ಅದೇ ಸುಮಾರಿಗೆ ನಾರ್ವೆಯಲ್ಲಿ 17 ಜನರ ಮೇಲೆ 65 ಜೋಡಿ ಪರೀಕ್ಷೆಗಳಾದವು, ಫಲ ಅದೇ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದವರು ಟವರಿನ ಅಲೆಯನ್ನೇ ಇಟ್ಟುಕೊಂಡು ನೋಡಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆ ಎಲ್ಲಕ್ಕಿಂತ ಮನನೀಯವಾದುದು. “ಈಗ ಟವರಿನ ಅಲೆ ಬಿಟ್ಟಿದ್ದೇವೆ” ಎಂದು ತಿಳಿಸಿ ಮಾಡಿದಾಗ ಆ ಜನರಿಗೆ ಅಸ್ವಸ್ಥತೆ ಹೆಚ್ಚಿತು; ತಿಳಿಸದೆ ಮಾಡಿದಾಗ ಅಲೆ ಇದ್ದದ್ದನ್ನೂ ಇಲ್ಲದ್ದನ್ನೂ ಅವರ ಶರೀರ ಬೇರ್ಪಡಿಸಲಿಲ್ಲ. ಇಂಥ 46 ಪರೀಕ್ಷೆಗಳನ್ನು, ಅವುಗಳಲ್ಲಿ ಭಾಗವಹಿಸಿದ 1175 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದಾಗಲೂ ಅಲೆಗೂ ಬಾಧೆಗೂ ಸಂಬಂಧವುಂಟೆಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿಯೇ ಎರಡು ಮಾತುಗಳನ್ನು ಜೊತೆಯಾಗಿ ಹೇಳಿತ್ತು: ಬಾಧೆ ನಿಜವಾದುದು, ಕೆಲವರಿಗೆ ಅದು ಬಾಳನ್ನೇ ಕೆಡಿಸುವಷ್ಟು ತೀವ್ರ, ಆದರೆ ಅಲೆಯೇ ಅದಕ್ಕೆ ಕಾರಣವೆನ್ನಲು ವೈಜ್ಞಾನಿಕ ಆಧಾರವಿಲ್ಲ. ಜನರು ಈ ಎರಡು ಮಾತುಗಳಲ್ಲಿ ತಮಗೆ ಬೇಕಾದ ಒಂದನ್ನು ಹಿಡಿದು ಇನ್ನೊಂದನ್ನು ಕೈಬಿಡುತ್ತಾರೆ.

“ಹಾಗಿದ್ದರೆ ಕ್ಯಾನ್ಸರಿನ ಮಾತೇನು?” ಎಂದು ನಾವು ಕೇಳಿದೆವು. ಅದು ಬೇರೆ ಪ್ರಶ್ನೆ, ಎರಡನ್ನೂ ಕಲಸಬಾರದು ಎಂದರು ವೈದ್ಯರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರ ಮೇ ತಿಂಗಳಲ್ಲಿ ರೇಡಿಯೋ ಅಲೆಗಳನ್ನು ‘ಬಹುಶಃ ಕಾರಣವಾಗಬಹುದಾದವು’ ಎಂಬ ಪಟ್ಟಿಗೆ ಸೇರಿಸಿತು. ಅದಕ್ಕೆ ಹಿಡಿದ ಆಧಾರ, ಅದೂ ಸೀಮಿತವಾದುದು, ಮೊಬೈಲನ್ನು ವರ್ಷಾನುಗಟ್ಟಲೆ ಕಿವಿಗೆ ಹಚ್ಚಿ ಮಾತನಾಡುವವರದಾಗಿತ್ತೇ ಹೊರತು ಟವರಿನ ನೆರೆಯವರದಲ್ಲ. ನ್ಯಾಯಾಲಯಗಳೂ ಒಂದೇ ದಾರಿಯಲ್ಲಿ ನಡೆದಿಲ್ಲ. ಶಾಲೆ, ಆಸ್ಪತ್ರೆಗಳ ಬಳಿಯ ಟವರುಗಳನ್ನು ತೆಗೆಯಿರೆಂದು ರಾಜಸ್ಥಾನದ ಹೈಕೋರ್ಟು 2012ರಲ್ಲಿ ಹೇಳಿತು. ಐದನೆಯ ಪೀಳಿಗೆಯ ಮೊಬೈಲನ್ನು ತಡೆಯಬೇಕೆಂದು ನಟಿ ಜೂಹಿ ಚಾವ್ಲಾ ಹೂಡಿದ ದಾವೆಯನ್ನು ದಿಲ್ಲಿಯ ಹೈಕೋರ್ಟು 2021ರಲ್ಲಿ ದಂಡ ಸಹಿತ ತಳ್ಳಿಹಾಕಿತು. ಓಣಿಯ ಜನ ಯಾವ ವಾರ್ತೆಯನ್ನು ಓದಿದರೋ ಅದರಂತೆ ಅವರ ನಿದ್ದೆ!

ವಾರ್ತೆ ಓದಿ ಬಾಧೆ ಬರುವುದುಂಟೇ ಎಂದು ಕೇಳುವವರಿಗೆ ವೈದ್ಯರು ಇನ್ನೊಂದು ಪರೀಕ್ಷೆ ಹೇಳಿದರು. 2013ರಲ್ಲಿ ಪ್ರಕಟವಾದ ಅದರಲ್ಲಿ 147 ಜನರು. ಅರ್ಧ ಜನರಿಗೆ ವೈಫೈಯಿಂದ ಅಪಾಯವೆಂಬ ಟೀವಿ ಕಾರ್ಯಕ್ರಮವನ್ನೂ ಉಳಿದವರಿಗೆ ಬೇರೊಂದನ್ನೂ ತೋರಿಸಿ, ಬಳಿಕ ಎಲ್ಲರಿಗೂ ಕಾಲು ಗಂಟೆ ವೈಫೈ ಬಿಡುತ್ತೇವೆಂದು ಹೇಳಿದರು. ಬಿಟ್ಟದ್ದು ಏನೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನರು ಒಂದಲ್ಲ ಒಂದು ಬಾಧೆಯನ್ನು ಹೇಳಿದರು. ಇಬ್ಬರು ತಾಳಲಾರದೆ ನಡುವೆಯೇ ಎದ್ದು ಹೋದರು.

ನಮಗೆ ಇದು ಹೊಸದೆನಿಸಲಿಲ್ಲ. ಲಗ್ನದ ಪಂಕ್ತಿಯಲ್ಲಿ “ಸಾರಿನಲ್ಲಿ ಹಲ್ಲಿ ಬಿದ್ದಿದೆ” ಎಂದು ಯಾರೋ ಕೂಗಿದರೆ ಸಾಕು, ಉಂಡು ಕೈತೊಳೆದವರಿಗೂ ಹೊಟ್ಟೆ ತೊಳಸುತ್ತದೆ, ಕೆಲವರು ವಾಂತಿಯನ್ನೇ ಮಾಡಿಕೊಳ್ಳುತ್ತಾರೆ. ಆಮೇಲೆ ಸೌಟಿನಲ್ಲಿ ಬಂದದ್ದು ಹುಣಸೆಯ ನಾರೆಂದು ತಿಳಿದರೂ ವಾಂತಿ ಮಾತ್ರ ನಟನೆಯಾಗಿರಲಿಲ್ಲ. ಮನಸ್ಸು ಅಂಜಿದಾಗ ಶರೀರವು ಅದನ್ನು ಅಕ್ಷರಶಃ ನಡೆಸಿ ತೋರಿಸುತ್ತದೆ.

ಆದರೆ ಎಲ್ಲವನ್ನೂ ಅಂಜಿಕೆಯ ಮೇಲೆ ಹೊರಿಸುವುದೂ ಸರಿಯಲ್ಲವೆಂದು ವೈದ್ಯರು ಒತ್ತಿ ಹೇಳಿದರು. ಟವರಿನ ತರಂಗ ನಿರಪರಾಧಿಯಾದರೂ ಟವರಿನ ಬುಡದಲ್ಲಿರುವ ಡಿಸೇಲ್ ಜನರೇಟರು ನಿರಪರಾಧಿಯಲ್ಲ. ಕರೆಂಟು ಹೋದ ರಾತ್ರಿ ಅದರ ಗುಡುಗುಡು ಸದ್ದು, ಹೊಗೆ, ನೆಲದ ನಡುಕ ಇವು ಯಾರ ನಿದ್ದೆಯನ್ನಾದರೂ ಕೆಡಿಸಬಲ್ಲವು. ಇದಲ್ಲದೆ ಅರೆತಲೆಶೂಲೆ, ರಕ್ತಹೀನತೆ, ಥೈರಾಯ್ಡ್, ಮುಟ್ಟು ನಿಲ್ಲುವ ವಯಸ್ಸಿನ ತಾಪ, ನುಂಗಿಕೊಂಡ ದುಃಖ ಇವೆಲ್ಲ ಇದೇ ಲಕ್ಷಣಗಳನ್ನು ತೋರುತ್ತವೆ. ಟವರಿನ ಕಡೆಗೆ ಬೆರಳು ತೋರಿಸುತ್ತ ಕುಳಿತರೆ ಚಿಕಿತ್ಸೆಯಿರುವ ರೋಗವೂ ಚಿಕಿತ್ಸೆಯಿಲ್ಲದೆ ಉಳಿಯುತ್ತದೆ; ಅವರಿಗೆ ಚಿಂತೆಯಿದ್ದದ್ದು ಅಲ್ಲಿಯೇ.

ಧಾರವಾಡದಿಂದ ಮರಳಿದ ಮೇಲೆ ಎರಡು ವಾರ ನಾವು ಹುಬ್ಬಳ್ಳಿಯಲ್ಲಿಯೇ ಉಳಿದೆವು. ಆ ಮಾಸ್ತರನಿಗೆ ವೈದ್ಯರ ಮಾತುಗಳನ್ನು ತಿಳಿಸಿದಾಗ ಅವನಿಗೆ ಒಂದು ಉಪಾಯ ಹೊಳೆಯಿತು. ಟವರನ್ನು ಬಂದು ಮಾಡುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಮನೆಯಲ್ಲಿ ವೈಫೈ ಪೆಟ್ಟಿಗೆಯೊಂದಿದೆ. ಅದು ಚಾಲೂ ಇದ್ದ ರಾತ್ರಿ ತನಗೆ ಖಂಡಿತ ಗೊತ್ತಾಗುತ್ತದೆಂದು ತಾಯಿ ಯಾವಾಗಲೂ ಹೇಳುತ್ತಿದ್ದರು. ತಾಯಿಯ ಮುಂದೆ ಕುಳಿತು, ಮುಚ್ಚುಮರೆಯಿಲ್ಲದೆ ಕೇಳಿ, ಅವರ ಒಪ್ಪಿಗೆ ಪಡೆದು ಹನ್ನೆರಡು ರಾತ್ರಿ ನೋಡಿದರು. ಪೆಟ್ಟಿಗೆಯ ದೀಪಗಳಿಗೆ ಕಪ್ಪು ಪಟ್ಟಿ ಅಂಟಿಸಿದರು. ಮೊಮ್ಮಗಳು ಪ್ರತಿ ರಾತ್ರಿ ನಾಣ್ಯ ಚಿಮ್ಮಿ, ಬಿದ್ದಂತೆ ಚಾಲೂ ಅಥವಾ ಬಂದು ಮಾಡಿ, ತನ್ನ ಪಾಟಿಚೀಲದ ವಹಿಯಲ್ಲಿ ಗುಟ್ಟಾಗಿ ಬರೆದಿಟ್ಟಳು. ಬೆಳಿಗ್ಗೆ ಪೂಜೆಯಾದ ಮೇಲೆ ಅಜ್ಜಿ ತನ್ನದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ಈ ಆಟದ ನೆವದಿಂದ ಅತ್ತೆ-ಸೊಸೆಯರೂ ಒಂದೆರಡು ಮಾತು ಆಡತೊಡಗಿದರೆಂಬುದನ್ನು ನಾವು ಗಮನಿಸಿದೆವು.

ಹದಿಮೂರನೆಯ ದಿನ ವಹಿಯನ್ನೂ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಹನ್ನೆರಡರಲ್ಲಿ ಆರು ಕೂಡಿಬಂದಿದ್ದವು. ನಾಣ್ಯವೇ ಊಹಿಸಿದ್ದರೂ ಅಷ್ಟೇ ಬರಬಹುದಾಗಿತ್ತು. ಅತ್ಯಂತ ಕಷ್ಟದ್ದೆಂದು ತಾಯಿ ಬರೆದ ಎರಡು ರಾತ್ರಿ ಪೆಟ್ಟಿಗೆ ಬಂದಾಗಿತ್ತು. ಹನ್ನೆರಡು ರಾತ್ರಿಗಳಿಂದ ಶಾಸ್ತ್ರ ಸಿದ್ಧವಾಗದು, ಅದರಿಂದ ಟವರಿನ ಬಗ್ಗೆ ಏನೂ ನಿರ್ಣಯವಾಗದು. ಇದನ್ನು ಮಾಸ್ತರನೇ ಹೇಳಿದನು. ತಾಯಿ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ನಮ್ಮತ್ತ ತಿರುಗಿ ಕೇಳಿದರು: “ಹಂಗಾದ್ರ ನನ್ನ ತಲಿಶೂಲಿ ಸುಳ್ಳೇನ್ರಿ?”

ಈ ಯಾತ್ರೆಯಲ್ಲಿ ನಮಗೆ ಎದುರಾದ ಕಠಿಣ ಪ್ರಶ್ನೆ ಇದೊಂದೇ. “ಇಲ್ಲವ್ವಾ, ತಲೆಶೂಲೆ ಖರೆ” ಎಂದೆವು. “ಅದು ನಿನ್ನ ಅನುಭವ, ಅದನ್ನು ಸುಳ್ಳೆನ್ನುವ ಅಧಿಕಾರ ಡಾಕ್ಟರಿಗೂ ಇಲ್ಲ, ನಮಗೂ ಇಲ್ಲ. ಅದಕ್ಕೆ ನಾವು ಹಚ್ಚಿದ ಹೆಸರು ಸರಿಯಲ್ಲವೆಂದು ಕಾಣುತ್ತದೆ. ಖರೆ ಹೆಸರು ಹುಡುಕಲು ಡಾಕ್ಟರ ಹತ್ತಿರ ಮತ್ತೊಮ್ಮೆ ಹೋಗೋಣ.” ಶರಣರು ಅನುಭಾವಕ್ಕೆ ಪರಮ ಸ್ಥಾನ ಕೊಟ್ಟವರು. ಆದರೆ ಒಬ್ಬರ ಅನುಭವವನ್ನು ಹತ್ತು ಜನರ ಮುಂದಿಟ್ಟು, ಪ್ರಶ್ನೆ ಕೇಳಿ, ಒರೆಗೆ ಹಚ್ಚಿ ನೋಡುವ ಅನುಭವಮಂಟಪವನ್ನೂ ಅವರೇ ನಡೆಸಿದರು.

ಇದೇ ಓಣಿಯ ತುದಿಯಲ್ಲಿ ಮೊಬೈಲಿಗೆ ಅಂಟಿಸುವ ‘ವಿಕಿರಣ ನಿರೋಧಕ’ ಚೀಟಿಗಳನ್ನು ಮಾರುವವನೊಬ್ಬನಿದ್ದನು. ನಾಲ್ಕಾರು ಮನೆಗಳವರು ಕೊಂಡಿದ್ದರು. ಚೀಟಿಯು ಅಲೆಯನ್ನು ನಿಜವಾಗಿಯೂ ತಡೆದರೆ ಮಾತು ಕೇಳಿಸುವುದೇ ಇಲ್ಲ, ಅಥವಾ ಮೊಬೈಲು ಇನ್ನೂ ಜೋರಾಗಿ ಅಲೆ ಬಿಡುತ್ತದೆ. ಮಾತು ಮೊದಲಿನಂತೆಯೇ ಕೇಳಿಸಿದರೆ ಚೀಟಿ ಏನೂ ಮಾಡಲಿಲ್ಲವೆಂದರ್ಥ. ಸಗಣಿಯ ಚಿಪ್ಪು ಮೊಬೈಲು ವಿಕಿರಣವನ್ನು ತಗ್ಗಿಸುತ್ತದೆಂದು 2020ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸಾರಿದಾಗ, ನೂರಾರು ವಿಜ್ಞಾನಿಗಳು ಆಧಾರ ತೋರಿಸಿರೆಂದು ಪತ್ರ ಬರೆದರು. ಮೌಢ್ಯವನ್ನು ಕೈಬಿಟ್ಟು ಬಂದ ಧರ್ಮದವರು ಹೊಸ ತಾಯಿತಗಳಿಗೆ ಜೇಬು ಬಿಚ್ಚುವುದು ನಮಗೆ ಸರಿತೋರಲಿಲ್ಲ, ಅದನ್ನು ಸಭೆಯಲ್ಲಿಯೂ ಹೇಳಿದೆವು.

ಸಮಿತಿಯ ಸಭೆ ಒಂದು ಸೋಮವಾರ ಸಂಜೆ ಸೇರಿತು. ತಾಯಂದಿರನ್ನೂ ಕರೆಸಬೇಕೆಂದು ನಾವು ಮೊದಲೇ ಕೇಳಿಕೊಂಡಿದ್ದೆವು. ಪೂಜ್ಯರ ಸನ್ನಿಧಿಯಲ್ಲಿ ನಾವು ತಿಳಿದದ್ದನ್ನು ತಿಳಿದಷ್ಟೇ ಹೇಳಿದೆವು. ತರಂಗದಿಂದ ಈ ಬಾಧೆಗಳು ಬರುತ್ತವೆಂಬುದಕ್ಕೆ ಆಧಾರವಿಲ್ಲ. ಸಂಶಯವಿದ್ದವರು ಅಳತೆ ಮಾಡಿಸಬಹುದು; ಯಾವ ಟವರು ಎಲ್ಲಿದೆ, ಮಿತಿಯೊಳಗಿದೆಯೇ ಎಂಬುದನ್ನು ತೋರಿಸಲು ಕೇಂದ್ರ ದೂರಸಂಪರ್ಕ ಇಲಾಖೆಯು 2017ರಲ್ಲಿ ‘ತರಂಗ ಸಂಚಾರ’ ಎಂಬ ವ್ಯವಸ್ಥೆಯನ್ನು ಆರಂಭಿಸಿ, ಶುಲ್ಕ ತುಂಬಿದವರಿಗೆ ಅಳತೆ ಮಾಡಿಕೊಡುವ ಏರ್ಪಾಡನ್ನೂ ಮಾಡಿತು. ಜನರೇಟರನ್ನು ಮಾತ್ರ ಓಣಿಯೊಳಗೆ ಇಡಗೊಡಬಾರದು. ಬರವಣಿಗೆಯಲ್ಲಿ ಕರಾರು ಆಗಬೇಕು. ಇದನ್ನೆಲ್ಲ ಕೇಳಿದ ತರುವಾಯವೂ ಮನಸ್ಸು ಒಪ್ಪದ ಭಕ್ತರಿದ್ದರೆ, ಅವರ ಕಣ್ಣೆದುರೇ, ಅವರದೇ ಮಠದ ನೆತ್ತಿಯ ಮೇಲೆ ಅದನ್ನು ನಿಲ್ಲಿಸುವುದು ಯೋಗ್ಯವೇ ಎಂಬುದು ವಿಜ್ಞಾನದ ಪ್ರಶ್ನೆಯಲ್ಲ. ಅದನ್ನು ಪೂಜ್ಯರೂ ಭಕ್ತರೂ ಕೂಡಿ ನಿರ್ಧರಿಸಬೇಕು.

ಚರ್ಚೆ ರಾತ್ರಿ ಹತ್ತರವರೆಗೆ ನಡೆಯಿತು. ಪ್ರಸಾದ ನಿಲಯದ ಲೆಕ್ಕ ಬರೆಯುವ ಹಿರಿಯರು ಬಾಡಿಗೆಯ ಮೊತ್ತವನ್ನು ಮೂರು ಸಲ ಓದಿ ಹೇಳಿದರು. ಕೊನೆಗೆ ತೀರ್ಮಾನವಾದದ್ದು ತರಂಗದಿಂದಲೂ ಅಲ್ಲ, ಬಾಡಿಗೆಯಿಂದಲೂ ಅಲ್ಲ. ಮಠದ ಮಾಳಿಗೆ ಸಾಗವಾನಿ ತೊಲೆಗಳ ಮೇಲಿನ ಹಳೆಯ ಗಚ್ಚಿನ ಮಾಳಿಗೆ. ಅಷ್ಟು ಕಬ್ಬಿಣದ ಭಾರವನ್ನು ಅದು ತಡೆಯಲಾರದೆಂದು ಇಂಜಿನಿಯರರೊಬ್ಬರು ಪರೀಕ್ಷಿಸಿ ಬರೆದುಕೊಟ್ಟರು. ಕಂಪನಿಯವರು ಎದುರಿನ ಸಾಲಿನ ಹೊಸ ವ್ಯಾಪಾರ ಸಂಕೀರ್ಣದ ಮೇಲೆ ಜಾಗ ಹಿಡಿದರು. ಮೂರು ತಿಂಗಳಲ್ಲಿ ಟವರು ಅಲ್ಲಿ ನಿಂತಿತು. ಮಠದಿಂದ ಅದಕ್ಕೆ ಐವತ್ತು ಮಾರು ದೂರವೂ ಆಗಲಿಕ್ಕಿಲ್ಲ. ಬಾಡಿಗೆ ವ್ಯಾಪಾರಿಗೆ ಹೋಯಿತು. ಮಕ್ಕಳ ಜೋಳಕ್ಕಾಗಿ ಓಣಿಯ ಮನೆಗಳವರು ತಿಂಗಳಿಗೊಂದು ದಿನದ ದಾಸೋಹ ವಹಿಸಿಕೊಂಡಿದ್ದಾರೆ. ಅದರಲ್ಲಿ ಮೊದಲ ಹೆಸರು ಬರೆಸಿದವಳು ಆ ಸೊಸೆ.

ಆ ತಾಯಿ ಈಗ ಧಾರವಾಡದ ವೈದ್ಯರ ಕಡೆಗೆ ಹೋಗುತ್ತಿದ್ದಾರೆ. ಸೊಸೆಯೇ ಚಿಗರಿ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಾಳೆ. ಅರೆತಲೆಶೂಲೆಯೆಂದು ಹೇಳಿ ಗುಳಿಗೆ ಕೊಟ್ಟಿದ್ದಾರೆ, ನಿದ್ದೆಯ ನಿಯಮಗಳನ್ನು ಹೇಳಿಕೊಟ್ಟಿದ್ದಾರೆ, ಅಂಜಿಕೆಯನ್ನು ಬಿಡಿಸಿ ನೋಡುವ ಮಾತುಕತೆಯ ಚಿಕಿತ್ಸೆಯನ್ನೂ ನಡೆಸಿದ್ದಾರೆ. ತಲೆಶೂಲೆ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮನೆ ಮಾರುವ ಮಾತು ನಿಂತಿದೆ. ಬೆಳ್ಳಿಬಣ್ಣದ ಹಾಳೆ ಮಾತ್ರ ಆ ಕಿಟಕಿಯ ಮೇಲೆ ಇನ್ನೂ ಇದೆಯೆಂದೂ, ಅದರ ಬಗ್ಗೆ ಮನೆಯಲ್ಲಿ ಯಾರೂ ಏನೂ ಅನ್ನುವುದಿಲ್ಲವೆಂದೂ ಮಾಸ್ತರನು ಪತ್ರದಲ್ಲಿ ಬರೆದಿದ್ದಾನೆ. ಸೋಮವಾರ ಮಠಕ್ಕೆ ಬರುವಾಗ ಹೊಸ ಟವರಿನ ಮುಂದೆ ಅವರು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೇಗ ಬೇಗ ದಾಟುತ್ತಾರಂತೆ.